ಸ್ಪಷ್ಟನೆ: ಫಾರ್ನೆಸಾಲ್ ಇದ್ದರೆ ಫ್ಲುಕೊನಜೋಲ್ ಬೇಡ ಎಂಬುದು ತಪ್ಪು

"ಸುಗಂಧ ತೈಲಗಳಲ್ಲಿರುವ ಫಾರ್ನೆಸಾಲ್ ಕ್ಯಾಂಡಿಡಾ ಸೋಂಕನ್ನು ಬೇರುಸಹಿತ ಕೀಳುತ್ತದೆ, ಫ್ಲುಕೊನಜೋಲ್ ಮಾತ್ರೆ ಬಿಡಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕ್ಯಾಂಡಿಡಾ ಒಂದು ಬಗೆಯ ಶಿಲೀಂಧ್ರ, ಫ್ಲುಕೊನಜೋಲ್ ಅದರ ಸೋಂಕಿಗೆ ಕೊಡುವ ಔಷಧ. ಈ ಸಂದೇಶ ತಪ್ಪು. ಎಳೆಯಷ್ಟು ನಿಜ ಇದೆ, ಅದಕ್ಕೇ ನಂಬುವಂತಿದೆ.

ಫಾರ್ನೆಸಾಲನ್ನು ಕ್ಯಾಂಡಿಡಾ ಆಲ್ಬಿಕಾನ್ಸ್ ಯೀಸ್ಟ್ ತಾನೇ ಸ್ರವಿಸುತ್ತದೆ. ಕೋಶಗಳು ದಟ್ಟವಾದಾಗ ಅದು ಸಂಕೇತವಾಗಿ, ಯೀಸ್ಟ್ ಉದ್ದನೆಯ ತಂತುಗಳಾಗಿ ಬೆಳೆಯದಂತೆ ತಡೆಯುತ್ತದೆ. ಇದು 2001ರಲ್ಲಿ ವರದಿಯಾದ ಸಂಗತಿ. ಕ್ಯಾತಿಟರ್ (ಮೈಯೊಳಗೆ ತೂರಿಸುವ ನಳಿಕೆ), ಹಲ್ಲಿನ ಸೆಟ್ಟುಗಳ ಮೇಲೆ ಕಟ್ಟುವ ಬಯೋಫಿಲ್ಮ್ ಎಂಬ ಅಂಟು ಪದರಕ್ಕೆ ಈ ತಂತುಗಳೇ ಹಂದರ. ಹಾಗಾಗಿ ಪ್ರಯೋಗಾಲಯದಲ್ಲಿ ಮೊದಲೇ ಫಾರ್ನೆಸಾಲ್ ಬೆರೆಸಿದರೆ ಪದರ ಸರಿಯಾಗಿ ಕಟ್ಟುವುದಿಲ್ಲ. ಫ್ಲುಕೊನಜೋಲ್ ಜೊತೆ ಸೇರಿಸಿದಾಗ ಔಷಧದ ಪರಿಣಾಮ ಹೆಚ್ಚಿದ್ದೂ ಕಂಡಿದೆ. ಗಮನಿಸಿ, ಜೊತೆ ಸೇರಿಸಿದಾಗ. ಆಗಲೇ ತಂತು ಬಿಟ್ಟು ಬಲಿತ ಪದರದ ಮೇಲೆ ಫಾರ್ನೆಸಾಲ್‌ನ ಆಟ ಅಷ್ಟು ನಡೆಯದು.

ಮೈಯೊಳಗಿನ ಕತೆ ಇನ್ನೂ ಜಟಿಲ. ಬಾಯಿಯ ಸೋಂಕಿದ್ದ ಇಲಿಗಳಿಗೆ ಫಾರ್ನೆಸಾಲ್‌ನಿಂದ ಅನುಕೂಲವಾಗಿದೆ. ರಕ್ತಕ್ಕೆ ಸೋಂಕು ಹತ್ತಿಸಿದ ಇಲಿಗಳಲ್ಲಿ ಸಾವೇ ಹೆಚ್ಚಾಗಿದೆ. ಮೇಲಾಗಿ ಇದು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಐರೋಪ್ಯ ಒಕ್ಕೂಟದ ಸುಗಂಧ ಅಲರ್ಜಿಕಾರಕಗಳ ಪಟ್ಟಿಯಲ್ಲಿದೆ.

ದಯವಿಟ್ಟು ಆ ಸಂದೇಶ ಫಾರ್ವರ್ಡ್ ಮಾಡಬೇಡಿ. ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.