ಅಜ್ಜಿಗೆ ಅರವತ್ತು ತುಂಬಿಲ್ಲವಂತೆ

“ಅಜ್ಜೀ, ನಿಮಗಿನ್ನೂ ಅರವತ್ತು ತುಂಬಿಲ್ಲ.”

ಇಂದು ಬೆಳಿಗ್ಗೆ ಕಚೇರಿಯೊಂದರ ಕಿಟಕಿಯಾಚೆಯಿಂದ ಬಂದ ಮಾತಿದು. ಬಾಯಿ ತುಂಬ ಅಜ್ಜಿ ಎಂದು ಕರೆದವನಿಗೆ ಉಳಿದ ಮೂರು ಪದ ಹೇಳುವಾಗ ನಗುವೂ ಬರಲಿಲ್ಲ. ಈ ಅಜ್ಜಿ ನಮ್ಮ ಮನೆಗೆ ಅಡಕೆ ಸುಲಿಯಲು ಬರುತ್ತಿದ್ದವರು. ಈಗ ಕೈ ನಡುಗುತ್ತದೆ, ಸುಲಿಯುವ ಮೆಟ್ಟುಗತ್ತಿ ಮೂಲೆ ಸೇರಿದೆ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಕೊಡಿಸಲು ಜೊತೆಗೆ ಹೋಗಿದ್ದೆ.

ಅಜ್ಜಿಯ ಲೆಕ್ಕ ಸರಳ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರು ಬಿಟ್ಟಾಗ ಹೊಟ್ಟೆಯಲ್ಲಿ ಹಿರಿಯ ಮಗ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮಗನ ಶಾಲಾ ದಾಖಲೆಯಲ್ಲಿ 1965. ಆಧಾರ್ ಪ್ರಕಾರ ತಾಯಿ ಹುಟ್ಟಿದ್ದು 1966ರ ಜನವರಿ 1ರಂದು. ಮಗನೇ ತಾಯಿಗಿಂತ ದೊಡ್ಡವನು! ಎರಡೂ ಕಾಗದಗಳನ್ನು ಜೋಡಿಸಿ ಕಿಟಕಿಯೊಳಗೆ ತಳ್ಳಿದೆ. “ಕಂಪ್ಯೂಟರ್ ಒಪ್ಪುವುದಿಲ್ಲ ಸಾರ್” ಎಂದು ಹಾಗೆಯೇ ವಾಪಸು ಬಂತು.

ಜನನ ಪ್ರಮಾಣಪತ್ರ ತಂದು ಆಧಾರ್ ತಿದ್ದಿಸಬೇಕಂತೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಶಾಲೆಯ ಪತ್ರವಾದರೂ ತರೋಣವೆಂದರೆ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಧಾರ್ ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಎಂದು ಅದನ್ನು ಕೊಡುವ ಪ್ರಾಧಿಕಾರವೇ ಹೇಳಿದೆ, 2024ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹೇಳಿತು. ಆ ಸುದ್ದಿ ಈ ಕಿಟಕಿಯವರೆಗೆ ಇನ್ನೂ ಬಂದಿಲ್ಲ.

ನಲವತ್ತೈದರವರೂ ವಯಸ್ಸು ತಿದ್ದಿಸಿಕೊಂಡು ವೇತನ ಹೊಡೆಯುತ್ತಾರೆ, ಬಿಗಿ ಮಾಡದೆ ಏನು ಮಾಡಬೇಕು ಎನ್ನುತ್ತೀರಿ. ಹೊಡೆಯುತ್ತಾರೆ, ಒಪ್ಪಿದೆ. ಅವರ ಕಾಗದಗಳು ಎಷ್ಟು ಅಚ್ಚುಕಟ್ಟಾಗಿರುತ್ತವೆ, ನೋಡಿದ್ದೀರಾ? ಸಿಕ್ಕಿಬೀಳುವುದು ಕಾಗದವಿಲ್ಲದ ಅಜ್ಜಿ. ಅಷ್ಟಕ್ಕೂ ಸಿಗುವುದೆಷ್ಟು? ಅರವತ್ತೈದು ದಾಟಿದರೆ ತಿಂಗಳಿಗೆ 1200 ರೂಪಾಯಿ, ಅದಕ್ಕಿಂತ ಚಿಕ್ಕವರಿಗೆ 800. “ಮುಂದಿನ ವರ್ಷ ಬನ್ನಿ, 800 ಆಗುತ್ತದೆ” ಎಂದ ಪುಣ್ಯಾತ್ಮ. ಎಪ್ಪತ್ತೇಳರ ಅಜ್ಜಿಗೆ!

ಇನ್ನೊಂದನ್ನು ಬರೆಯದೆ ನುಂಗಿಬಿಡೋಣವೆಂದುಕೊಂಡಿದ್ದೆ. 2012ರಲ್ಲಿ ಅಜ್ಜಿಯನ್ನು ಆಧಾರ್ ಶಿಬಿರಕ್ಕೆ ಕರೆದೊಯ್ದವನು ನಾನೇ. ವಯಸ್ಸು 64 ಎಂದೆ, ಹುಡುಗ 46 ಒತ್ತಿದ. ಪರದೆ ನನ್ನತ್ತ ತಿರುಗಿಸಿ “ಸರಿಯಿದೆಯೇ ನೋಡಿ” ಎಂದೂ ಹೇಳಿದ. ಬಸ್ಸಿನ ಹೊತ್ತಾಗಿತ್ತು. ಹೆಸರಿನ ಕಾಗುಣಿತವೊಂದನ್ನೇ ನೋಡಿ ತಲೆಯಾಡಿಸಿದೆ.

ಇಂದು ವಾಪಸು ಬರುವಾಗ ಅದನ್ನು ಹೇಳಿಬಿಟ್ಟೆ. ಅಜ್ಜಿ ಎಲೆಯಡಿಕೆ ಸಂಚಿ ಬಿಚ್ಚುತ್ತ, “ಹದಿನೆಂಟು ವರ್ಷ ಇಳಿಸಿದ್ದೀಯಲ್ಲ ತಮ್ಮಾ, ಹಾಗಾದರೆ ನಾಳೆಯಿಂದ ಅಡಕೆ ಸುಲಿಯಲು ಬರಲೇ?” ಎಂದರು.