ಓನರ್ ತಾತನ ಅಣ್ಣ ಹೊಡೆದ ಗೋಲು

ವಿಕಿಪೀಡಿಯದಲ್ಲಿ ಫುಟ್‌ಬಾಲ್ ಕ್ಲಬ್ ಬಗ್ಗೆ ಬರಿಯೋಕೆ ಹೊರಟ್ರೆ ಮೊದಲು ಆ ಕ್ಲಬ್ಬಿಗೆ ಬಟ್ಟೆ ತೊಡಿಸ್ಬೇಕು. ತಮಾಷೆ ಅಲ್ಲ, ನಿಜ. ಲೇಖನದ ಪಕ್ಕದಲ್ಲಿ ಒಂದು ಡಬ್ಬಿ ಇರುತ್ತಲ್ಲ, ಇನ್ಫೋಬಾಕ್ಸ್ ಅಂತಾರೆ, ಅದರಲ್ಲಿ ಎಡ ತೋಳಿಗೆ ಒಂದು ಬಣ್ಣ, ಬಲ ತೋಳಿಗೆ ಒಂದು, ಎದೆಗೆ ಒಂದು, ಚಡ್ಡಿಗೆ ಒಂದು, ಸಾಕ್ಸಿಗೆ ಒಂದು ಅಂತ ಎಲ್ಲಕ್ಕೂ ಬೇರೆ ಬೇರೆ ಕೋಡ್ ಹಾಕ್ಬೇಕು, ಆರು ಎಫ್ ಒತ್ತಿದ್ರೆ ಬಿಳಿ, ಆರು ಸೊನ್ನೆ ಒತ್ತಿದ್ರೆ ಕಪ್ಪು, ನಡುವೆ ಇರೋ ಬಣ್ಣಗಳೆಲ್ಲಾ ದೇವರಿಗೇ ಪ್ರೀತಿ. ಏನೂ ಹಾಕ್ದೆ ಬಿಟ್ರೆ ಇಡೀ ಟೀಮು ಒಗೆದ ಬನಿಯನ್ನಲ್ಲಿ ಬಂದು ನಿಲ್ಲುತ್ತೆ. ನಾನು ಬರಿತಿದ್ದಿದ್ದು ಬೆಂಗಳೂರು ಮುಸ್ಲಿಮ್ಸ್ ಅನ್ನೋ ಹಳೇ ಕ್ಲಬ್ ಬಗ್ಗೆ, ಆ ಕಾಲದಲ್ಲಿ ನಮ್ಮೋರು ಸುಮಾರು ಜನ ಬರಿಗಾಲಲ್ಲೇ ಆಡ್ತಿದ್ರು, ಆದ್ರೆ ಆ ಟೆಂಪ್ಲೇಟಲ್ಲಿ ಸಾಕ್ಸ್ ಬಿಚ್ಚೋಕೆ ದಾರೀನೇ ಇಲ್ಲ! ಬರಿಗಾಲು ಥರ ಕಾಣ್ಲಿ ಅಂತ ಸಾಕ್ಸ್ ಜಾಗಕ್ಕೆ ಕಂದು ಬಣ್ಣ ತುಂಬಿ ಹೆಂಡ್ತಿಗೆ ತೋರಿಸ್ದೆ. "ಇದೇನ್ರೀ, ಪೊಲೀಸ್ನೋರ ಬೂಟಾ?" ಅಂದ್ಲು.

ಈ ಹುಚ್ಚು ಹತ್ತಿದ್ದು 2023ರ ಮಾರ್ಚ್‌ನಲ್ಲಿ. ನಮ್ಮ ಕರ್ನಾಟಕ ಟೀಮ್ ರಿಯಾದ್‌ನಲ್ಲಿ ಮೇಘಾಲಯನ 3-2ಕ್ಕೆ ಸೋಲಿಸಿ ರಾಜ್ಯ ರಾಜ್ಯಗಳು ಆಡೋ ಸಂತೋಷ್ ಟ್ರೋಫಿ ಗೆದ್ದಾಗ ಆಫೀಸಲ್ಲಿ ಒಬ್ರು "ಓ, ನಮ್ಮೋರೂ ಫುಟ್‌ಬಾಲ್ ಆಡ್ತಾರಾ" ಅಂದ್ಬಿಟ್ರು. ನಾನಿರೋದು ಹಲಸೂರಲ್ಲಿ ಸ್ವಾಮಿ, ಪಕ್ಕದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜತೆ ಪೆಲೆಗೂ ಪ್ರತಿಮೆ ಇದೆ, ಇಂಥಾ ಏರಿಯಾದಲ್ಲಿ ಬಾಡಿಗೆ ಕಟ್ಕೊಂಡು ಈ ಮಾತು ಕೇಳಿಸ್ಕೊಂಡು ಸುಮ್ನಿರೋಕಾಗುತ್ತಾ? 54 ವರ್ಷ ಆದ್ಮೇಲೆ ಗೆದ್ರು ಅಂದ್ರೆ ಅದಕ್ಕಿಂತ ಮುಂಚೆ ಗೆದ್ದಿದ್ರು ಅಂತ ತಾನೇ ಅರ್ಥ, ಮೈಸೂರು ಅನ್ನೋ ಹೆಸರಲ್ಲೇ 4 ಸಲ ಗೆದ್ದಿದೀವಿ ಅಂತ ಅವತ್ತು ಮಧ್ಯಾಹ್ನ ಊಟದ ಡಬ್ಬಿ ಎದುರು ಭಾಷಣ ಮಾಡ್ದೆ, ಯಾರೂ ಕೇಳಿಸ್ಕೊಳ್ಲಿಲ್ಲ, ಸರಿ ವಿಕಿಪೀಡಿಯಕ್ಕೆ ಹಾಕಿದ್ರೆ ಯಾವತ್ತೋ ಯಾರೋ ಓದ್ತಾರೆ ಅಂತ ಕೂತೆ.

ಬೆಂಗಳೂರು ಮುಸ್ಲಿಮ್ಸ್ ಅಂದ್ರೆ ಸುಮ್ನೆ ಅಲ್ಲ. ಮುಂಬಯಿಯಲ್ಲಿ ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ, ಅಲ್ಲಿಂದ ನಲವತ್ತು ವರ್ಷಕ್ಕೂ ಜಾಸ್ತಿ ಬ್ರಿಟಿಷ್ ಪಟಾಲಮ್ಮುಗಳೇ ಒಂದಾದ ಮೇಲೊಂದು ಕಪ್ ಎತ್ಕೊಂಡು ಹೋಗ್ತಿದ್ವು. 1937ರಲ್ಲಿ ನಮ್ಮ ಬೆಂಗಳೂರಿನ ಹುಡುಗರು ಹೋಗಿ ಮೊದಲನೇ ಸಲ ಒಂದು ಭಾರತೀಯ ಟೀಮ್ ಆ ಕಪ್ ಗೆಲ್ಲೋ ಹಾಗೆ ಮಾಡಿದ್ರು. ಫೈನಲಲ್ಲಿ ಸೋತಿದ್ದು ಯಾರು? ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್, 1934ರಿಂದ ಅಲ್ಲಿನ ಲೀಗನ್ನ ಬೇರೆ ಯಾರಿಗೂ ಬಿಟ್ಕೊಡದೇ ಇದ್ದೋರು. ಮುಂದಿನ ವರ್ಷ ಮತ್ತೆ ಕಪ್ ನಮಗೇ, 1948ರಲ್ಲಿ ಕೋಲ್ಕತ್ತಾದ್ದೇ ಇನ್ನೊಂದು ಕ್ಲಬ್ ಮೋಹನ್ ಬಾಗಾನನ್ನ ಸೋಲಿಸಿ ಇನ್ನೊಂದು ಸಲ. ಮೋಹನ್ ಬಾಗಾನ್ 1911ರಲ್ಲಿ ಐಎಫ್‌ಎ ಶೀಲ್ಡ್ ಅನ್ನೋ ಅಲ್ಲಿನ ಪಂದ್ಯಾವಳಿ ಗೆದ್ದಿದ್ದು ಎಲ್ಲರಿಗೂ ಗೊತ್ತು, ಕ್ವಿಜ್‌ನಲ್ಲಿ ಕೇಳ್ತಾರೆ, ನಮ್ಮ 1937 ಮಾತ್ರ ನಮ್ಮೋರಿಗೇ ಗೊತ್ತಿಲ್ಲ. ಬಂಗಾಳಿಗಳಿಗೆ ಬರ್ಕೊಳೋಕೆ ಬರುತ್ತೆ, ನಮಗೆ ಸಂಕೋಚ, ನನ್ನ ಪ್ರಕಾರ ಇಷ್ಟೇ ವ್ಯತ್ಯಾಸ.

ಇದನ್ನೆಲ್ಲಾ ಹಾಕೋಕೆ ಆಧಾರ ಬೇಕಲ್ಲ. ಆರ್‌ಎಸ್‌ಎಸ್‌ಎಸ್‌ಎಫ್ ಅಂತ ಒಂದು ಸೈಟ್ ಇದೆ, ಪ್ರಪಂಚದ ಫುಟ್‌ಬಾಲ್ ರಿಸಲ್ಟುಗಳನ್ನೆಲ್ಲಾ ಕೂಡಿಡೋ ಪುಣ್ಯಾತ್ಮರದ್ದು, ರೋವರ್ಸ್ ಕಪ್ ಫೈನಲ್‌ಗಳ ಪಟ್ಟಿ ಅಲ್ಲಿ ಸಿಕ್ತು. ಖುಷಿ ತಡೀಲಾರದೆ ಮೆಟ್ರೋದಲ್ಲಿ ನಿಂತ್ಕೊಂಡೇ ಫ್ರೆಂಡಿಗೆ ಫೋನ್ ಮಾಡಿ, ಸಿಗ್ನಲ್ ಬೇರೆ ಇರ್ಲಿಲ್ಲ, ಜೋರಾಗಿ "ಲೋ, ಬೆಂಗಳೂರು ಮುಸ್ಲಿಮ್ಸ್ ಬಗ್ಗೆ ಆರ್‌ಎಸ್‌ಎಸ್‌ಎಸ್‌ಎಫ್‌ನೋರ ಹತ್ರ ಪೂರ್ತಿ ಲಿಸ್ಟೇ ಇದೆ ಕಣೋ" ಅಂದೆ. ಬೋಗಿಯ ಆ ಕಡೆ ತುದೀಲಿ ನಿದ್ದೆ ಮಾಡ್ತಿದ್ದೋರೂ ಎದ್ದು ನೋಡಿದ್ರು. ಇನ್ನೊಂದು ಎಸ್, ಒಂದು ಎಫ್ ಇದೆ ಸಾರ್, ಇದು ಫುಟ್‌ಬಾಲು ಅಂತ ಅಲ್ಲಿ ಯಾರಿಗೆ ಹೇಳೋದು, ನನ್ನ ಸ್ಟಾಪ್ ಬರೋಕೆ ಮುಂಚೇನೇ ಇಳ್ಕೊಂಡೆ.

ಆದ್ರೆ ಅಸಲಿ ಕಷ್ಟ ಶುರುವಾಗಿದ್ದು ನಮ್ಮ ಮನೆ ಓನರ್ ತಾತನಿಂದ. ಕೆಳಗಿನ ಮನೇಲಿ ಅವರು, ಮೇಲೆ ನಾವು, ಮೋಟರ್ ಸ್ವಿಚ್ ಅವರ ಕೈಯಲ್ಲಿ. ಬಾಡಿಗೆ ಕೊಡೋಕೆ ಹೋದಾಗ ಮಾತಿಗೆ ಮಾತು ಬಂದು ಈ ಲೇಖನದ ವಿಷಯ ಹೇಳ್ದೆ ನೋಡಿ, ತಾತನ ಮುಖ ಊರಗಲ ಆಯ್ತು.

"ನಮ್ಮಣ್ಣ ಆಡಿದಾನಪ್ಪಾ ಆ ಟೀಮಲ್ಲಿ. 48ರಲ್ಲಿ. ಗೋಲ್ ಹೊಡ್ದಿದಾನೆ. ಹಾಕು ಅವನ ಹೆಸರು."

"ತಾತ, ಎಲ್ಲಾದ್ರೂ ಪ್ರಿಂಟ್ ಆಗಿರೋದು ಇದ್ರೆ ಕೊಡಿ, ಪೇಪರ್ ಕಟಿಂಗ್ ಏನಾದ್ರೂ..."

"ಯಾಕೆ, ನಾನು ಹೇಳ್ತಾ ಇಲ್ವಾ?"

"ಹೇಳ್ತಾ ಇದೀರ, ಆದ್ರೆ ಅವರಿಗೆ ಆಧಾರ..."

"ಆಧಾರ್ ಕಾರ್ಡ್ ಇಲ್ಲಪ್ಪಾ, ಅವನು ಅದು ಬರೋಕೆ ಮುಂಚೇನೇ ಹೋಗ್ಬಿಟ್ಟ."

ಅಲ್ಲಿಂದ ತಾತನ ಅಣ್ಣ ದಿನಾ ಬೆಳೀತಾ ಹೋದ್ರು. ನಮ್ಮ ರಾಮನ್, ಬೆಂಗಳೂರಿನೋರೇ, 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ವಿರುದ್ಧ ಗೋಲ್ ಹೊಡೆದ್ರಲ್ಲ, ಒಲಿಂಪಿಕ್ಸಲ್ಲಿ ಭಾರತದ ಮೊದಲನೇ ಫುಟ್‌ಬಾಲ್ ಗೋಲು, ಅದನ್ನ ಹೇಳ್ದೆ. "ಅವನಿಗೆ ಆ ಶಾಟ್ ಹೇಳ್ಕೊಟ್ಟಿದ್ದೇ ನಮ್ಮಣ್ಣ" ಅಂದ್ರು. ಬೆಂಗಳೂರು ಮುಸ್ಲಿಮ್ಸಲ್ಲಿ ಆಡಿ ಆಮೇಲೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ ಅಲ್ಲಿನ ಐದು ಫಾರ್ವರ್ಡ್ ಆಟಗಾರರ ಪಂಚಪಾಂಡವರಲ್ಲಿ ಒಬ್ರು ಅನ್ನಿಸ್ಕೊಂಡ ಅಹ್ಮದ್ ಖಾನ್ ಬಗ್ಗೆ ಕೇಳ್ದೆ. "ಆರನೆಯವನಾಗಿ ನಮ್ಮಣ್ಣನ್ನೂ ಕರೆದಿದ್ರು, ನಮ್ಮಮ್ಮ ಕಳಿಸ್ಲಿಲ್ಲ" ಅಂದ್ರು. ಇನ್ನು ಏನು ಕೇಳಿದ್ರೂ ಅಪಾಯ ಅಂತ ಸುಮ್ನಾದೆ.

ಒಂದಿನ ತಾತ ಗೋಡೆ ಮೇಲಿದ್ದ ಫೋಟೋನೇ ಇಳಿಸ್ಕೊಂಡು ಮೆಟ್ಟಿಲು ಹತ್ತಿ ಬಂದ್ರು. ಹಾಕೋಕೆ ಫೋಟೋ ತೆಗೆದೋರ ಹೆಸರು, ವರ್ಷ, ಹಕ್ಕು ಯಾರದ್ದು ಎಲ್ಲಾ ಕೇಳ್ತಾರೆ ತಾತ ಅಂದೆ. "ಫೋಟೋ ನಮ್ಮನೆ ಗೋಡೆ ಮೇಲೆ, ಮೊಳೆ ನಮ್ಮಪ್ಪ ಹೊಡೆದಿದ್ದು, ಹಕ್ಕು ಇನ್ಯಾರದ್ದು" ಅಂದ್ರು. ಸರಿ ಅಂತ ಗಾಜು ಒರೆಸಿ ನೋಡ್ತೀನಿ, ಮುಂದೆ ನೆಲದ ಮೇಲೆ ಒಂದು ಸ್ಲೇಟು, ಸ್ಲೇಟ್ ಮೇಲೆ ಸೀಮೆಸುಣ್ಣದಲ್ಲಿ ಯಾವುದೋ ಮಿಲ್ಲಿನ ಟೀಮ್ ಹೆಸರು. ಬೆಂಗಳೂರು ಮುಸ್ಲಿಮ್ಸ್ ಅಲ್ಲವೇ ಅಲ್ಲ. ಹುಡುಗರೆಲ್ಲಾ ಚಡ್ಡಿ ಹಾಕಿ ಬರಿಗಾಲಲ್ಲಿ ಕೂತಿದಾರೆ, ತಾತ ಬೆರಳಿಟ್ಟು ತೋರಿಸಿದ ಅಣ್ಣ ಮಾತ್ರ ಬಲತುದೀಲಿ ಪ್ಯಾಂಟು, ಪಾಲಿಶ್ ಹಾಕಿದ ಶೂ, ಕೈಯಲ್ಲಿ ಒಂದು ಲೆಡ್ಜರ್ ಪುಸ್ತಕ.

"ತಾತ, ಇವರು ಪ್ಯಾಂಟಲ್ಲಿ..."

"ಮ್ಯಾಚ್ ಮುಗಿದಿತ್ತಪ್ಪಾ."

"ಸ್ಲೇಟಲ್ಲಿ ಬೇರೆ ಟೀಮ್..."

"ಎಲ್ಲಾ ಒಂದೇ ಗ್ರೌಂಡಲ್ಲಿ ಆಡ್ತಿದ್ದಿದ್ದು ತಾನೇ?"

ಈ ನಡುವೆ ಲೇಖನದ ಕಥೆ ಬೇರೆ. ನಾನು "ಕೋಲ್ಕತ್ತಾದವರ ಸೊಕ್ಕಡಗಿಸಿ ಕಪ್ ಎತ್ತಿ ತಂದರು" ಅಂತ ಬರೆದಿದ್ದನ್ನ ಯಾರೋ ಹಿರಿಯ ಸಂಪಾದಕರು ತಟಸ್ಥ ದೃಷ್ಟಿಕೋನ ಇರಲಿ ಅಂತ ಬಹಳ ಮರ್ಯಾದೆಯಾಗಿ ಟಿಪ್ಪಣಿ ಹಾಕಿ "1937ರಲ್ಲಿ ಜಯ ಗಳಿಸಿತು" ಅಂತ ಮಾಡಿದ್ರು. ಸರಿ ಬಿಡಿ, ಅವರು ಹೇಳೋದೂ ನ್ಯಾಯವೇ, ಆದ್ರೂ ಅಷ್ಟು ದೂರ ರೈಲಲ್ಲಿ ಹೋಗಿ ಗೆದ್ದು ಬಂದೋರಿಗೆ ಒಂದು ವಿಶೇಷಣನೂ ಇಲ್ವಲ್ಲ ಅಂತ ಹೊಟ್ಟೆ ಉರೀತು. ಇನ್ನೊಂದಿನ ಐಪಿಎಲ್ ಮ್ಯಾಚಿತ್ತು, ರಾತ್ರಿ ನೋಡ್ತೀನಿ, ಯಾರೋ ಹೆಸರಿಲ್ಲದ ಪುಣ್ಯಾತ್ಮ ಪ್ರಶಸ್ತಿಗಳು ಅನ್ನೋ ವಿಭಾಗದ ಕೆಳಗೆ "ಈ ಸಲ ಕಪ್ ನಮ್ದೇ" ಅಂತ ಸೇರಿಸಿ ಹೋಗಿದ್ದ. ಅಳಿಸೋಕೆ ಕೈ ಬರ್ಲಿಲ್ಲ ಸ್ವಲ್ಪ ಹೊತ್ತು. 1937ನೇ ಇಸವಿ ಮಟ್ಟಿಗೆ ಮಾತು ನಿಜಾನೇ ಅಲ್ವಾ, ಆಧಾರಾನೂ ಇದೆ.

ಆಮೇಲೆ ಬೇಸಿಗೆ ಬಂತು. ಸಂಪಲ್ಲಿ ನೀರು ಕಮ್ಮಿ, ಟ್ಯಾಂಕರ್ ರೇಟು ಆಕಾಶಕ್ಕೆ, ಬೆಳಿಗ್ಗೆ ಆರಕ್ಕೆ ಆನ್ ಆಗ್ತಿದ್ದ ಮೋಟರ್ ಎಂಟಾದ್ರೂ ಆನ್ ಆಗಲ್ಲ. ಕೆಳಗೆ ಹೋಗಿ ಕೇಳಿದ್ರೆ ತಾತ ಪೇಪರಿಂದ ಕಣ್ಣೆತ್ತದೆ "ಏನಪ್ಪಾ, ನಮ್ಮಣ್ಣನ ವಿಷಯ ಎಲ್ಲಿಗ್ಬಂತು?" ಅಂತಾರೆ. ಮೈಗೆಲ್ಲಾ ಸೋಪ್ ಹಚ್ಕೊಂಡು ನಲ್ಲಿ ನೋಡ್ತಾ ನಿಂತ ಹೆಂಡ್ತಿ "ರೀ, ಆ ಪುಣ್ಯಾತ್ಮನಿಗೆ ಒಂದು ಗೋಲ್ ಕೊಟ್ಬಿಡ್ರೀ, ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ" ಅಂತ ಬಾತ್‌ರೂಮಿಂದ ಕೂಗಿದ್ಲು. ಲೇಖನದಲ್ಲಿ ಹಾಕೋ ಹಾಗಿಲ್ಲ, ಹಾಕದೇ ಇದ್ರೆ ನೀರಿಲ್ಲ. ವಿಕಿಪೀಡಿಯದಲ್ಲಿ ಪ್ರತಿಯೊಬ್ಬರಿಗೂ ಪ್ರಯೋಗಪುಟ ಅಂತ ಒಂದಿರುತ್ತೆ, ಕರಡು ಗೀಚ್ಕೊಳೋಕೆ, ಅಲ್ಲಿ ಲೇಖನದ ಕರಡಿನ ನಡುವೆ ತಾತನ ಅಣ್ಣನ ಹೆಸರು ಸೇರಿಸಿ, "48ರ ಪಂದ್ಯಾವಳಿಯಲ್ಲಿ ಗೋಲು ಬಾರಿಸಿದರು" ಅಂತ ಬರೆದು, ಮುಂದೆ ಚೌಕ ಕಂಸದಲ್ಲಿ "ಸೂಕ್ತ ಉಲ್ಲೇಖನ ಬೇಕು" ಅಂತ ಟ್ಯಾಗ್ ಜಡಿದು, ಮೊಬೈಲಲ್ಲಿ ತಾತಂಗೆ ತೋರಿಸ್ದೆ. ತಾತ ಕನ್ನಡಕ ತೆಗೆದು ಹಾಕಿ ತೆಗೆದು ಹಾಕಿ ಓದಿದ್ರು, ಮೊಮ್ಮಗನ್ನ ಕರೆದು ಲಿಂಕ್ ಕಳಿಸ್ಕೊಂಡ್ರು. ಅವತ್ತು ಮಧ್ಯಾಹ್ನನೂ ಮೋಟರ್ ಓಡ್ತು, ಟ್ಯಾಂಕ್ ತುಂಬಿ ಬೀದಿಗೆಲ್ಲಾ ಹರೀತು.

ನವೆಂಬರಲ್ಲಿ ರಸ್ತೆಯವರೆಲ್ಲಾ ಸೇರಿ ರಾಜ್ಯೋತ್ಸವ ಮಾಡಿದ್ರು, ಆರ್ಕೆಸ್ಟ್ರಾ, ಪುಳಿಯೋಗರೆ, ಜತೆಗೊಂದು ಸ್ಮರಣ ಸಂಚಿಕೆ. ಮಾರನೇ ದಿನ ಬೆಳಿಗ್ಗೆ ತಾತ ಬಾಗಿಲು ತಟ್ಟಿ ಸಂಚಿಕೆ ನನ್ನ ಕೈಗಿಟ್ರು, ಗ್ಯಾಸ್ ಏಜೆನ್ಸಿ ಜಾಹೀರಾತಿನ ಎದುರು ಪುಟದಲ್ಲಿ ನನ್ನ ಪ್ರಯೋಗಪುಟ ಪೂರ್ತಿ, ಒಂದಕ್ಷರ ಬಿಡದೆ, ಮೇಲೆ ಲೇಖಕರು ಅಂತ ತಾತನ ಹೆಸರು ಮತ್ತು ಪಾಸ್‌ಪೋರ್ಟ್ ಫೋಟೋ. ಡಿಟಿಪಿ ಮಾಡಿದ ಹುಡುಗ ಕಂಸದೊಳಗಿನ ಟ್ಯಾಗನ್ನೂ ಬಿಟ್ಟಿರ್ಲಿಲ್ಲ, ಯಾವುದೋ ಬಿರುದು ಇರ್ಬೇಕು ಅಂದ್ಕೊಂಡು ಅಣ್ಣನ ಹೆಸರಿನ ಪಕ್ಕದಲ್ಲೇ ದಪ್ಪಕ್ಷರದಲ್ಲಿ "ಸೂಕ್ತ ಉಲ್ಲೇಖನ ಬೇಕು" ಅಂತ ಹಾಕಿದ್ದ.

"ಪ್ರಿಂಟ್ ಆಗಿರೋದು ಬೇಕು ಅಂತಿದ್ಯಲ್ಲಪ್ಪಾ, ತಗೋ ಪ್ರಿಂಟು" ಅಂದ್ರು ತಾತ. "ಇವತ್ತೇ ಹಾಕ್ಬಿಡು. ಮುಂದಿನ ತಿಂಗಳು ನಿನ್ನ ಅಗ್ರಿಮೆಂಟ್ ಬೇರೆ ರಿನ್ಯೂ ಮಾಡ್ಬೇಕು."