ಒಂದು ಗಂಟೆ ದುಡಿದಿರಾ? ಹಾಗಾದ್ರೆ ನೀವು ನಿರುದ್ಯೋಗಿ ಅಲ್ಲ!

ಬೆಳಗಿನಿಂದ ಫೋನಲ್ಲಿ ಮೂರು ಕಡೆ ಅದೇ ಚಿತ್ರ-ಕಾರ್ಡ್: ‘ಬೆಂಗಳೂರಲ್ಲಿ ನಿರುದ್ಯೋಗ ಇಳಿಕೆ’. ಪಕ್ಕದಲ್ಲಿ ಕೆಳಮುಖದ ದಪ್ಪ ಹಸಿರು ಬಾಣ, ಅಡಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸ್ವಾಮಿ, ಆ ಅಂಕಿ ಬೆಂಗಳೂರಿನದ್ದೇ ಅಲ್ಲ. ಪಿಎಲ್‌ಎಫ್‌ಎಸ್ (ಕೇಂದ್ರ ಸರ್ಕಾರದ ಉದ್ಯೋಗ ಸಮೀಕ್ಷೆ) ತ್ರೈಮಾಸಿಕ ವರದಿ ನಗರದ್ದು ಅಂತ ಕೊಡೋದು ಕರ್ನಾಟಕದ ಅಷ್ಟೂ ನಗರ ಪ್ರದೇಶದ ದರ. ಅದರಲ್ಲಿ ಕಲಬುರಗಿಯೂ ಇದೆ, ದಾವಣಗೆರೆಯೂ ಇದೆ.

ಅದಿರಲಿ. ಆ ಲೆಕ್ಕದಲ್ಲಿ ನಿರುದ್ಯೋಗಿ ಅನ್ನಿಸಿಕೊಳ್ಳೋದೇ ಕಷ್ಟ. ಹಿಂದಿನ 7 ದಿನಗಳಲ್ಲಿ ಒಂದೇ ಒಂದು ಗಂಟೆಯೂ ದುಡಿದಿರಬಾರದು, ಜೊತೆಗೆ ಕೆಲಸ ಹುಡುಕುತ್ತಿರಬೇಕು ಅಥವಾ ಸಿಕ್ಕರೆ ಮಾಡಲು ತಯಾರಿರಬೇಕು. ವೈಟ್‌ಫೀಲ್ಡಲ್ಲಿ ಕೆಲಸ ಹೋದ ಸಾಫ್ಟ್‌ವೇರ್ ಟೆಸ್ಟರ್ ಶನಿವಾರ ಸಂಜೆ ನಾಲ್ಕು ಪಾರ್ಸೆಲ್ ತಲುಪಿಸಿದನಾ? ಉದ್ಯೋಗಿ. ಮನೆಯವರ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂತನಾ? ಅವನೂ ಉದ್ಯೋಗಿ.

ಇನ್ನೂ ಚೆಂದದ್ದು ಕೇಳಿ. ನೂರು ಜನರಲ್ಲಿ 60 ಮಂದಿ ದುಡಿಯುವ ಪಡೆಯಲ್ಲಿದ್ದು (ಅಂದರೆ ಕೆಲಸ ಇರುವವರು, ಜೊತೆಗೆ ನಿರುದ್ಯೋಗಿಗಳು), 3 ಮಂದಿಗೆ ಕೆಲಸವಿಲ್ಲ ಅನ್ನಿ. ದರ 5%. ಆ ಮೂವರಲ್ಲಿ ಒಬ್ಬಳು ಬೇಸತ್ತು ‘ಸಾಕಪ್ಪಾ, ಸಿಕ್ಕರೂ ಬೇಡ’ ಅಂತ ಹುಡುಕೋದನ್ನೇ ಬಿಟ್ಟಳು. ಈಗ 59ಕ್ಕೆ 2, ಅಂದರೆ 3.4%. ಒಂದೂ ಕೆಲಸ ಹುಟ್ಟಲಿಲ್ಲ, ಬಾಣ ಮಾತ್ರ ಇಳೀತು. ಚಪ್ಪಾಳೆ!

‘ನೋಡಿ, ಕೆಲಸ ಹೆಚ್ಚಿದೆ’ ಅಂತ ಇಪಿಎಫ್‌ಒ (ನೌಕರರ ಪಿಎಫ್ ನೋಡಿಕೊಳ್ಳುವ ಸಂಸ್ಥೆ) ಸೇರ್ಪಡೆಯ ಅಂಕಿ ಹಿಡಿದು ಬರುವವರಿಗೂ ಒಂದು ಮಾತು. ಪೀಣ್ಯದ ಸಣ್ಣ ಘಟಕದಲ್ಲಿ ನೌಕರರು 19 ಇದ್ದದ್ದು 20 ಆಯ್ತು ಅಂದ್ರೆ ಪಿಎಫ್ ಕಡ್ಡಾಯ. ವರ್ಷಗಳಿಂದ ಅಲ್ಲೇ ದುಡಿಯುತ್ತಿದ್ದವರೂ ಆ ತಿಂಗಳು ‘ಹೊಸ ಸದಸ್ಯರು’. ಸಿಕ್ಕ ಕೆಲಸ ಒಂದೇ.

‘ಇದು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ಮಾನದಂಡ, ಜಗತ್ತೆಲ್ಲ ಹೀಗೇ ಎಣಿಸುತ್ತೆ’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಎಣಿಸಲಿ, ದೇಶ ದೇಶ ಹೋಲಿಸೋಕೆ ಬೇಕು. ಆದರೆ ಇದೇ ಪಿಎಲ್‌ಎಫ್‌ಎಸ್‌ನ 2023–24ರ ವಾರ್ಷಿಕ ವರದಿ ದೇಶಕ್ಕೆ ಎರಡು ದರ ಕೊಟ್ಟಿದೆ: ವಾರದ ಲೆಕ್ಕದಲ್ಲಿ 4.9%, ವರ್ಷದ ಲೆಕ್ಕದಲ್ಲಿ 3.2%. ವರ್ಷದ ಲೆಕ್ಕದಲ್ಲಿ 30 ದಿನದ ಉಪಕಸುಬಿದ್ದರೂ ಸಾಕು, ಉದ್ಯೋಗಿ. ದೇಶದ ಕಾರ್ಡ್ ಮಾಡಿದರೆ ಅದರಲ್ಲಿ ಯಾವುದು ಕೂರುತ್ತೆ ಅಂತ ಬೇರೆ ಹೇಳಬೇಕಾ?

ಸಿಡುಕು ಜಾಸ್ತಿಯಾಯ್ತು, ಆಗಲಿ. ಅದೇ ವಾರ್ಷಿಕ ವರದಿಯಲ್ಲಿ ವಾರಕ್ಕೆ ಎಷ್ಟು ಗಂಟೆ ದುಡಿಮೆ, ಎಷ್ಟು ಗಳಿಕೆ, ಸಂಬಳದ ಕೆಲಸದಲ್ಲಿ ಎಷ್ಟು ಜನಕ್ಕೆ ಲಿಖಿತ ಕರಾರಿಲ್ಲ (ಅರ್ಧಕ್ಕಿಂತ ಹೆಚ್ಚು!) ಎಲ್ಲ ಇದೆ. ಅಷ್ಟೆಲ್ಲ ಕಾರ್ಡಲ್ಲಿ ಹಿಡಿಯಲ್ವಾ? ಆ ಬಾಣ ಸ್ವಲ್ಪ ಸಣ್ಣದು ಮಾಡಿ, ಜಾಗ ಆಗುತ್ತೆ.